ಹಡಗಿನ ರೇಡಾರ್ ಕೂಗಿದರೆ ಸಣ್ಣ ದೋಣಿ ಓಗೊಡುವುದು ಹೇಗೆ?

ಮಳೆಗಾಲದಲ್ಲಿ ಮಲೆನಾಡಿನ ನಮ್ಮ ಸಾಗರ ಊರಿನ ಕಡೆಗೆ ಹಸಿ ಮೀನು ಬರುವುದು ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಬರುವ ಮೀನಿನವರ ಪೆಟ್ಟಿಗೆಯಲ್ಲಿ ಆಗ ಒಣಮೀನೇ ಜಾಸ್ತಿ. ಕಳೆದ ಜೂನ್‌ನಲ್ಲಿ ಹಾಗೆ ಬಂದ ನಮ್ಮ ಮೀನಿನವರು ಮಳೆಯ ಹೊಡೆತಕ್ಕೆ ಬೈಕ್ ನಿಲ್ಲಿಸಿ ಜಗಲಿ ಹತ್ತಿದರು. ಕಾಫಿ ಕುಡಿಯುತ್ತಾ ಕೇಳಿದರು:

“ಮೇಷ್ಟ್ರೇ, ನೀವು ಸೈನ್ಸ್ ಹೇಳಿಕೊಡುವವರು. ಅಷ್ಟು ದೊಡ್ಡ ಹಡಗು. ಅದರ ಮೇಲೆ ರೇಡಾರ್ ತಿರುಗ್ತಾ ಇರ್ತದೆ. ನಮ್ಮ ಭಾವನ ಬೋಟು ಅದಕ್ಕೆ ಯಾಕೆ ಕಾಣೋದಿಲ್ಲ?”

ಅವರ ಭಾವನದು ಮೂವತ್ತೆರಡು ಅಡಿಯ ಫೈಬರ್ ಬೋಟು. ಸಂಜೆ ಹೋಗಿ ಬಲೆ ಬಿಡುತ್ತಾರೆ. ರಾತ್ರಿ ಎಂಜಿನ್ ನಿಲ್ಲಿಸಿ ಬಲೆಯ ಜೊತೆಗೇ ತೇಲುತ್ತಾರೆ. ಒಬ್ಬರು ಎಚ್ಚರ, ಉಳಿದವರಿಗೆ ನಿದ್ದೆ. ಏಪ್ರಿಲ್‌ನ ಒಂದು ರಾತ್ರಿ ಸರಕಿನ ಹಡಗೊಂದು ತೀರಾ ಹತ್ತಿರದಲ್ಲಿ ಹಾದುಹೋಯಿತಂತೆ. ಅದರ ಅಲೆಗೆ ಬೋಟು ಒಂದು ಮಗ್ಗುಲಿಗೆ ವಾಲಿ, ಅಕ್ಕಿಯ ಡಬ್ಬವೂ ಗ್ಯಾಸ್ ಒಲೆಯೂ ಕಡಲು ಸೇರಿದವು. ಹಡಗು ದಿಕ್ಕು ಬದಲಿಸಲಿಲ್ಲ, ಹಾರ್ನ್ ಕೂಡ ಹಾಕಲಿಲ್ಲ. ಇವರನ್ನು ನೋಡಿಯೇ ಇರಲಿಲ್ಲ ಅಂತ ಕಾಣುತ್ತದೆ.

ಇಂಥದ್ದು ಎಲ್ಲ ಸಲವೂ ಅಕ್ಕಿ ಡಬ್ಬದಲ್ಲಿ ಮುಗಿಯುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಿಂದ ಸುಮಾರು 40 ನಾಟಿಕಲ್ ಮೈಲಿ (ಹತ್ತಿರಹತ್ತಿರ 75 ಕಿಲೋಮೀಟರ್) ಆಚೆ ಒಂದು ಮೀನುಗಾರಿಕೆ ಬೋಟಿಗೂ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಜೀವಂತ ಸಿಕ್ಕಿದ್ದು ಇಬ್ಬರೇ.

ಹಾಗಾಗಿ ಮೀನಿನವರ ಪ್ರಶ್ನೆಗೆ ಅವತ್ತು ಜಗಲಿಯಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸಾಗಲಿಲ್ಲ.

ರೇಡಾರ್ ಅಂದರೆ ‘ಕೂ’ ಹಾಕುವುದು. ಮಲೆನಾಡಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ತೋಟದ ಈ ತುದಿಯಲ್ಲಿ ನಿಂತು ಕೂ ಹಾಕುತ್ತೇವೆ. ಆ ತುದಿಯಲ್ಲಿ ಜನ ಇದ್ದರೆ ಓಗೊಡುತ್ತಾರೆ. ಯಾರೂ ಇಲ್ಲದಿದ್ದರೆ ಎದುರಿನ ಗುಡ್ಡವೇ ನಮ್ಮ ದನಿಯನ್ನು ತಿರುಗಿ ಕಳಿಸುತ್ತದೆ. ಎಷ್ಟು ಹೊತ್ತಿಗೆ ತಿರುಗಿ ಬಂತು ಎನ್ನುವುದರ ಮೇಲೆ ಗುಡ್ಡ ಎಷ್ಟು ದೂರ ಎಂದು ಅಂದಾಜು ಮಾಡಬಹುದು.

ಹಡಗಿನ ಮೇಲೆ ಅಡ್ಡಡ್ಡ ತಿರುಗುವ ಆ ಪಟ್ಟಿ ನಿಮಿಷಕ್ಕೆ ಸುಮಾರು 24 ಸುತ್ತು ಹಾಕುತ್ತಾ ರೇಡಿಯೋ ಅಲೆಯಲ್ಲಿ ಕೂ ಹಾಕುತ್ತಲೇ ಇರುತ್ತದೆ. ರೇಡಿಯೋ ಅಲೆಯ ಓಟ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಮೂರು ಕಿಲೋಮೀಟರ್ ದೂರದ ವಸ್ತುವಿನಿಂದ ಮರುದನಿ ಬರಲು ಒಂದು ಸೆಕೆಂಡಿನ 10 ಲಕ್ಷ ಪಾಲಿನಲ್ಲಿ 20 ಪಾಲು ಸಾಕು. ಬಂದ ಮರುದನಿ ಪರದೆಯ ಮೇಲೆ ಒಂದು ಚುಕ್ಕೆ. ಬಾರದಿದ್ದರೆ ಅಲ್ಲಿ ಬರೀ ನೀರು.

ಇಲ್ಲೊಂದು ಮಾತು ಮನಸ್ಸಿಗೆ ಇಳಿಯಬೇಕು. ರೇಡಾರ್ ದೋಣಿಯನ್ನು ‘ನೋಡುವುದಿಲ್ಲ’. ದೋಣಿ ಹಿಂದಕ್ಕೆ ಕಳಿಸಿದ್ದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ಕೂ ಎಷ್ಟೇ ಜೋರಾಗಿರಲಿ, ಓಗೊಡದವರು ಆ ಪರದೆಯ ಮೇಲೆ ಇಲ್ಲ.

ಹೋಗುವ ಅಲೆ ಹರಡುತ್ತಾ ಹೋಗುತ್ತದೆ. ದೂರ ಎರಡು ಪಟ್ಟಾದರೆ ದೋಣಿಗೆ ತಲುಪುವುದು ನಾಲ್ಕನೇ ಒಂದು ಪಾಲು. ದೋಣಿಯಿಂದ ಹೊರಟ ಮರುದನಿಯೂ ಹಾಗೇ ಹರಡುತ್ತಾ ಬರುತ್ತದೆ. ಆ ಪಾಲಿನಲ್ಲಿ ಮತ್ತೆ ನಾಲ್ಕನೇ ಒಂದು ಪಾಲು. ಒಟ್ಟು ಹದಿನಾರನೇ ಒಂದು. ಅಂದರೆ, ದೂರ ಎರಡು ಪಟ್ಟಾದರೆ ಮರುದನಿ ಹದಿನಾರು ಪಟ್ಟು ಕ್ಷೀಣ. ಈ ಹದಿನಾರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಭಾವನ ಬೋಟಿಗೆ ಬರೋಣ. ಫೈಬರ್ ಮೈಯೊಳಗಿಂದ ರೇಡಾರ್ ಅಲೆ ಬಹುಪಾಲು ಹಾಗೇ ದಾಟಿಹೋಗುತ್ತದೆ, ಗಾಜಿನೊಳಗಿಂದ ಬೆಳಕು ದಾಟಿದ ಹಾಗೆ. ಮರದ ದೋಣಿಯೂ ಹಿಂದಕ್ಕೆ ಕಳಿಸುವುದು ಕಡಿಮೆಯೇ. ಒಳಗಿರುವ ಎಂಜಿನ್, ಡೀಸೆಲ್ ಟ್ಯಾಂಕು, ಮನುಷ್ಯರ ಮೈ ಒಂದಿಷ್ಟು ಕಳಿಸುತ್ತವೆ. ಆದರೆ ಎಂಜಿನ್ ಇರುವುದು ತಳದಲ್ಲಿ, ಹೆಚ್ಚುಕಡಿಮೆ ನೀರಿನ ಮಟ್ಟದಲ್ಲಿ. ಎದುರಿಗೊಂದು ಅಲೆ ಎದ್ದರೆ ಅದೂ ಮರೆ.

“ಹಾಗಾದರೆ ಒಂದು ತಗಡು ಕಟ್ಟಿದರೆ ಆಯ್ತಲ್ವಾ?” ಎಂದರು ಮೀನಿನವರು. ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಲೋಹ ರೇಡಾರ್ ಅಲೆಯನ್ನು ಚೆನ್ನಾಗಿ ಹಿಂದೂಡುತ್ತದೆ ಎನ್ನುವುದೂ ನಿಜ. ಆದರೆ ಎತ್ತ ಹಿಂದೂಡುತ್ತದೆ?

ಮಳೆಗಾಲದ ರಾತ್ರಿ ಸಾಗರದಿಂದ ತಾಳಗುಪ್ಪಕ್ಕೆ ಗಾಡಿ ಓಡಿಸಿದವರಿಗೆ ಇದರ ಉತ್ತರ ಗೊತ್ತು. ಒದ್ದೆ ಟಾರು ರಸ್ತೆಯ ಮೇಲೆ ಹೆಡ್‌ಲೈಟ್ ಬಿದ್ದರೂ ರಸ್ತೆ ಕಪ್ಪಗೇ ಇರುತ್ತದೆ. ನೀರಿನ ಪದರ ಕನ್ನಡಿಯಂತಾಗಿ ಬೆಳಕನ್ನು ಮುಂದಕ್ಕೆ ಜಾರಿಸಿಬಿಡುತ್ತದೆ, ನಮ್ಮ ಕಣ್ಣಿಗೆ ವಾಪಸ್ ಕೊಡುವುದಿಲ್ಲ. ಅದೇ ರಸ್ತೆಯಂಚಿನ ರಿಫ್ಲೆಕ್ಟರ್ ಮಾತ್ರ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ. ರಸ್ತೆಯ ಮೇಲೂ ರಿಫ್ಲೆಕ್ಟರ್ ಮೇಲೂ ಬಿದ್ದದ್ದು ಒಂದೇ ಬೆಳಕು. ಒಂದು ಅದನ್ನು ಎಲ್ಲಿಗೋ ಎಸೆಯಿತು, ಇನ್ನೊಂದು ಬಂದ ದಾರಿಯಲ್ಲೇ ಕಳಿಸಿತು.

ಚಪ್ಪಟೆ ತಗಡು ಒದ್ದೆ ರಸ್ತೆಯ ಹಾಗೆ. ಒಂದು ವಸ್ತು ಎಷ್ಟು ಮರುದನಿ ಕೊಡುತ್ತದೆ ಎನ್ನುವುದನ್ನು ಚದರ ಮೀಟರ್ ಲೆಕ್ಕದಲ್ಲಿ ಹೇಳುವ ರೂಢಿ ಇದೆ. 30 ಸೆಂಟಿಮೀಟರ್ ಚೌಕದ ತಗಡು ಹಡಗಿಗೆ ಸರಿಯಾಗಿ ಎದುರಾದರೆ 100 ಚದರ ಮೀಟರ್‌ಗೂ ಮಿಕ್ಕಿ ಕೊಡುತ್ತದೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ಅದೇ ತಗಡು ಬರೀ ಮೂರು ಡಿಗ್ರಿ ತಿರುಗಲಿ, ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಕಡಲಿನಲ್ಲಿ ತೂಗಾಡುವ ದೋಣಿ ಮೂರು ಡಿಗ್ರಿ ತಿರುಗದೆ ಒಂದು ಉಸಿರು ಎಳೆಯುವಷ್ಟು ಹೊತ್ತೂ ನಿಲ್ಲುವುದಿಲ್ಲ.

ಕೆಲವರು ಅಲ್ಯೂಮಿನಿಯಂ ತಪ್ಪಲೆ ನೇತು ಹಾಕುವುದೂ ಉಂಟಂತೆ. ದುಂಡಗಿನ ವಸ್ತು ಎಲ್ಲ ದಿಕ್ಕಿಗೂ ಒಂದಿಷ್ಟು ಕಳಿಸುತ್ತದೆ, ಅದು ಸರಿ. ಆದರೆ ಒಂದಡಿ ಅಗಲದ ಗುಂಡು ಕೊಡುವುದು ಒಂದು ಚದರ ಮೀಟರ್‌ನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ತಪ್ಪಲೆ ಅನ್ನಕ್ಕೇ ಇರಲಿ.

ಬೇಕಾದದ್ದು ಯಾವ ಕಡೆಯಿಂದ ಅಲೆ ಬಂದರೂ ಅದೇ ಕಡೆಗೆ ತಿರುಗಿಸಿ ಕಳಿಸುವ ವಸ್ತು. ಅದು ನಮ್ಮೆಲ್ಲರ ಮನೆಯಲ್ಲೂ ಇದೆ: ಗೋಡೆಯ ಮೂಲೆ.

ಕೇರಂ ಆಡಿದವರು ಗಮನಿಸಿರಬಹುದು. ಸ್ಟ್ರೈಕರ್ ಮೂಲೆಯ ಹತ್ತಿರ ಒಂದು ಪಟ್ಟಿಗೆ ಬಡಿದು, ಅಲ್ಲಿಂದ ಪಕ್ಕದ ಪಟ್ಟಿಗೆ ಬಡಿದರೆ, ಬಂದ ದಾರಿಗೆ ಸರಿಸಮವಾಗಿ ಹಿಂದಕ್ಕೆ ಬರುತ್ತದೆ. ಯಾವ ಓರೆಯಲ್ಲಿ ಹೊಡೆದರೂ ಅಷ್ಟೇ. ಒಂದು ಪಟ್ಟಿ ಅದರ ಮುಂದಿನ ಓಟವನ್ನು ತಿರುಗಿಸುತ್ತದೆ, ಇನ್ನೊಂದು ಪಕ್ಕದ ಓಟವನ್ನು ತಿರುಗಿಸುತ್ತದೆ. ಇದಕ್ಕೆ ನೆಲವನ್ನೂ ಸೇರಿಸಿ. ಎರಡು ಗೋಡೆ, ಒಂದು ನೆಲ, ಮೂರೂ ಒಂದಕ್ಕೊಂದು ನೆಟ್ಟಗೆ. ಆಗ ಮೇಲೆ ಕೆಳಗಿನ ಓಟವೂ ತಿರುಗುತ್ತದೆ. ಆ ಮೂಲೆಗೆ ಹೊಕ್ಕ ಅಲೆ ಮೂರು ಪೆಟ್ಟು ತಿಂದು ಬಂದವನ ಮುಖಕ್ಕೇ ವಾಪಸ್.

ಇದನ್ನು ನಮ್ಮ ಶಾಲೆಯಲ್ಲಿ ಮಾಡಿ ನೋಡಿದೆವು. ಗಾಜಿನ ಅಂಗಡಿಯಿಂದ ಅರ್ಧ ಅಡಿ ಚೌಕದ ಮೂರು ಕನ್ನಡಿ ತಂದು, ಟೇಪು ಸುತ್ತಿ ಮೂಲೆ ಮಾಡಿದೆವು. ಮಕ್ಕಳನ್ನು ಸುತ್ತ ನಿಲ್ಲಿಸಿ ಒಂದೊಂದು ಕಣ್ಣು ಮುಚ್ಚಿ ನೋಡಲು ಹೇಳಿದೆ. ಏಳನೇ ತರಗತಿಯ ಹುಡುಗಿ ಕೂಗಿದಳು, “ಸರ್, ನನ್ನ ಕಣ್ಣು ಸರಿಯಾಗಿ ಮೂಲೆಯಲ್ಲೇ ಉಂಟು!” ಪಕ್ಕದವನು, “ಅಲ್ಲ, ನನ್ನ ಕಣ್ಣು!” ಇಬ್ಬರು ಹೇಳಿದ್ದೂ ಸರಿ. ಎಲ್ಲಿ ನಿಂತವರಿಗೂ ಅವರದೇ ಕಣ್ಣು ಆ ಮೂಲೆಯಲ್ಲಿ ಕಾಣುತ್ತದೆ. ಬೇಕಾದರೆ ಕುಣಿದರೂ ಅದು ಅಲ್ಲಿಂದ ಕದಲುವುದಿಲ್ಲ.

ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರನ್ನು ಹತ್ತಿರ ಹಿಡಿದು ನೋಡಿ. ಒಳಗೆ ಇಂಥ ನೂರಾರು ಪುಟ್ಟ ಮೂಲೆಗಳಿವೆ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೆ ಕೂಡ ಎಂಟು ಮೂಲೆಗಾಜುಗಳ ಒಂದು ಪುಟ್ಟ ಗುಮ್ಮಟ ಇದೆ. 2023ರ ಡಿಸೆಂಬರ್‌ನಲ್ಲಿ ಚಂದ್ರನ ಸುತ್ತ ತಿರುಗುವ ನಾಸಾ ನೌಕೆ 100 ಕಿಲೋಮೀಟರ್ ದೂರದಿಂದ ಅದರತ್ತ ಲೇಸರ್ ಬಿಟ್ಟಾಗ ಬೆಳಕು ವಾಪಸ್ ಬಂತು. ಲ್ಯಾಂಡರ್ ನಿದ್ದೆ ಹೋಗಿ ತಿಂಗಳುಗಳಾಗಿದ್ದವು. ಮೂಲೆಗೆ ಕರೆಂಟು ಬೇಕಾಗಿಲ್ಲ ನೋಡಿ.

ಒಂದು ಮೂಲೆ ಒಂದು ಕಡೆಗಷ್ಟೇ ಬಾಯಿ ತೆರೆದಿರುತ್ತದೆ. ಹಡಗು ಯಾವ ದಿಕ್ಕಿನಿಂದಲೂ ಬರಬಹುದಲ್ಲ? ಅದಕ್ಕೆ ಮೂರು ಚೌಕ ತಗಡುಗಳನ್ನು ಒಂದರೊಳಗೊಂದು ನೆಟ್ಟಗೆ ತೂರಿಸಿದ ಹಾಗೆ ಜೋಡಿಸುತ್ತಾರೆ. ಆಗ ಎಂಟು ಗೂಡುಗಳಾಗುತ್ತವೆ, ಆರು ಚೂಪು ತುದಿಗಳಾಗುತ್ತವೆ. ದೋಣಿಯ ರೇಡಾರ್ ರಿಫ್ಲೆಕ್ಟರ್ ಎಂದರೆ ಹೆಚ್ಚಾಗಿ ಇದೇ.

ಎಷ್ಟು ದೊಡ್ಡದಿರಬೇಕು ಎನ್ನುವುದು ಬಹಳ ಮುಖ್ಯ. ಮೂಲೆಯ ಅಂಚು ಎರಡು ಪಟ್ಟಾದರೆ ಮರುದನಿ ಎರಡು ಪಟ್ಟಲ್ಲ, ನಾಲ್ಕು ಪಟ್ಟೂ ಅಲ್ಲ, ಹದಿನಾರು ಪಟ್ಟು. ಆಗ ನೆನಪಿಡಿ ಎಂದಿದ್ದ ಹದಿನಾರು ಇಲ್ಲಿ ಮತ್ತೆ ಬಂತು. ದೂರ ಎರಡು ಪಟ್ಟಾದಾಗ ಕಳೆದುಕೊಂಡ ಹದಿನಾರನ್ನು ಅಂಚು ಎರಡು ಪಟ್ಟು ಮಾಡಿ ಸರಿಯಾಗಿ ವಾಪಸ್ ಪಡೆಯಬಹುದು. ಶಾಂತ ಕಡಲಿನ ಲೆಕ್ಕದಲ್ಲಿ, ಎರಡು ಪಟ್ಟು ದೊಡ್ಡ ರಿಫ್ಲೆಕ್ಟರ್ ಎರಡು ಪಟ್ಟು ದೂರಕ್ಕೆ ಕಾಣುತ್ತದೆ. ಈ ಲೆಕ್ಕ ಮೊದಲ ಸಲ ಕೈಯಲ್ಲಿ ಬಿಡಿಸಿದಾಗ ನನಗೆ ಬಹಳ ಖುಷಿಯಾಯಿತು. ಮರುದಿನ ಬೋರ್ಡಿನ ಮೇಲೂ ಬಿಡಿಸಿದೆ.

ಅಂಕಿಯಲ್ಲಿ ಹೇಳುವುದಾದರೆ ಹೀಗೆ. ಹಡಗುಗಳು ಸಾಮಾನ್ಯವಾಗಿ ಬಳಸುವ ಒಂದು ರೇಡಾರ್‌ನ ಅಲೆಯ ಉದ್ದ ಸುಮಾರು 3 ಸೆಂಟಿಮೀಟರ್. ತುದಿಯಿಂದ ತುದಿಗೆ 20 ಸೆಂಟಿಮೀಟರ್ ಇರುವ ಪುಟ್ಟ ರಿಫ್ಲೆಕ್ಟರ್ ಈ ಅಲೆಗೆ ಕೊಡುವುದು ಅರ್ಧ ಚದರ ಮೀಟರ್‌ಗಿಂತ ಕಡಿಮೆ. 45 ಸೆಂಟಿಮೀಟರ್ ಇದ್ದರೆ 12. 60 ಇದ್ದರೆ 37. ಇದೂ ಗೂಡು ಹಡಗಿಗೆ ಸರಿಯಾಗಿ ಮುಖ ಮಾಡಿದಾಗಿನ ಮಾತು. ಓರೆಯಾದಾಗ ಅರ್ಧ, ಎರಡು ಗೂಡುಗಳ ನಡುವಿನ ಸಂದಿಯಲ್ಲಿ ಇನ್ನೂ ಕಡಿಮೆ. ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2004ರಲ್ಲಿ ಮಾಡಿದ ಮಾನದಂಡದ ಪ್ರಕಾರ ಸಣ್ಣ ದೋಣಿಯ ರಿಫ್ಲೆಕ್ಟರ್ ಈ ಅಲೆಗೆ ಕನಿಷ್ಠ 7.5 ಚದರ ಮೀಟರ್ ಕೊಡಬೇಕು, ನೀರಿನಿಂದ ಕನಿಷ್ಠ 4 ಮೀಟರ್ ಎತ್ತರದಲ್ಲಿರಬೇಕು. ಅದಕ್ಕೇ ನಾವು ಆರಿಸಿಕೊಂಡಿದ್ದು 60 ಸೆಂಟಿಮೀಟರಿನದು.

ಮಾಡಿಸಿದ್ದು ಸಾಗರದಲ್ಲೇ, ಕಿಟಕಿ-ಗೇಟು ಮಾಡುವ ಒಂದು ವರ್ಕ್‌ಶಾಪಿನಲ್ಲಿ. 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಶೀಟಿನಿಂದ 42 ಸೆಂಟಿಮೀಟರಿನ ಮೂರು ಚೌಕ ಕತ್ತರಿಸಿದರು. ಅದರ ಓರೆ ಅಳತೆ 60 ಬರುತ್ತದೆ. ಒಂದು ಚೌಕ ಇಡಿಯಾಗಿ ಉಳಿಯಿತು. ಎರಡನೆಯದನ್ನು ಮೂಲೆಯಿಂದ ಮೂಲೆಗೆ ಕೊಯ್ದು ಎರಡು ತ್ರಿಕೋನ ಮಾಡಿದರು. ಮೂರನೆಯದನ್ನು ಎರಡೂ ಓರೆಗೆ ಕೊಯ್ದು ನಾಲ್ಕು ಮಾಡಿದರು. ಎಲ್ಲವನ್ನೂ ಅಲ್ಯೂಮಿನಿಯಂ ಆಂಗಲ್ ಪಟ್ಟಿ ಇಟ್ಟು ಅಲ್ಯೂಮಿನಿಯಂ ರಿವೆಟ್ಟಿನಿಂದಲೇ ಕೂರಿಸಿದರು. ಬೇರೆ ಲೋಹ ಬೆರೆತರೆ ಉಪ್ಪುಗಾಳಿಗೆ ಬೇಗ ತಿಂದುಹೋಗುತ್ತದೆ. ಒಟ್ಟು ತೂಕ ಮೂರು ಕೆಜಿಯ ಆಸುಪಾಸು.

ವರ್ಕ್‌ಶಾಪಿನವರು ಒಳ್ಳೆಯ ಕೆಲಸಗಾರರು. ಆದರೆ ಗೇಟಿನ ಕೆಲಸದಲ್ಲಿ ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಮೂಲೆ 90 ಡಿಗ್ರಿ ಇದ್ದರಷ್ಟೇ ಮೂರು ಪೆಟ್ಟಿನ ನಂತರ ಅಲೆ ಬಂದ ದಾರಿ ಹಿಡಿಯುವುದು. ಎರಡು ಡಿಗ್ರಿ ತಪ್ಪಿದರೆ ಸಾಕು, ಮರುದನಿ ಅಕ್ಕಪಕ್ಕಕ್ಕೆ ಒಡೆದುಹೋಗಿ ಹಡಗಿಗೆ ಸಿಗುವುದು ಬಹಳ ಕಡಿಮೆಯಾಗುತ್ತದೆ. ದೊಡ್ಡ ರಿಫ್ಲೆಕ್ಟರಿಗೆ ಈ ತಪ್ಪಿನ ಏಟು ಇನ್ನೂ ಜಾಸ್ತಿ. ಅದಕ್ಕೆ ಎಂಟು ಗೂಡಿಗೂ ಮೂಲೆಮಟ್ಟ ಇಟ್ಟು, ಬೆಳಕು ನುಸುಳುತ್ತದಾ ಎಂದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆವು. ಮೂರು ಕಡೆ ಬೆಳಕು ನುಸುಳಿತು. ಅವರು ಬೇಸರ ಮಾಡಿಕೊಳ್ಳದೆ ರಿವೆಟ್ ಕಿತ್ತು ಮತ್ತೆ ಕೂರಿಸಿದರು. ತಗಡಿನ ಮೇಲೆ ತಗ್ಗು ಇರಬಾರದು. ಬಣ್ಣ ಬಳಿದರೆ ತೊಂದರೆ ಇಲ್ಲ.

ಇನ್ನು ನೇತು ಹಾಕುವುದು. ಹೆಚ್ಚಿನವರು ತಪ್ಪುವುದು ಇಲ್ಲೇ. ನೋಡಲು ಚೆಂದ ಎಂದು ಒಂದು ಚೂಪು ಮೇಲೆ ಬರುವಂತೆ, ದೀಪಾವಳಿಯ ಆಕಾಶಬುಟ್ಟಿಯ ಹಾಗೆ ಕಟ್ಟುತ್ತಾರೆ. ಹಾಗೆ ಕಟ್ಟಿದರೆ ನಾಲ್ಕು ಗೂಡು ಆಕಾಶದತ್ತ ಓರೆಯಾಗುತ್ತವೆ, ನಾಲ್ಕು ನೀರಿನತ್ತ. ಹಡಗು ಇರುವುದು ಎರಡರ ನಡುವೆ.

ಸರಿಯಾದ ರೀತಿ ತಿಳಿಯಲು ರಿಫ್ಲೆಕ್ಟರನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ಕೈ ಬಿಡಿ. ಅದು ಮೂರು ತುದಿಗಳ ಮೇಲೆ ತಾನಾಗಿ ಕೂರುತ್ತದೆ. ಆಗ ಒಂದು ಗೂಡು ಬಾಯಿ ತೆರೆದು ನೆಟ್ಟಗೆ ಮೇಲೆ ನೋಡುತ್ತದೆ, ಮಳೆ ಬಂದರೆ ನೀರು ಹಿಡಿಯುವ ಹಾಗೆ. ಒಂದು ಗೂಡು ಕೆಳಗೆ ನೋಡುತ್ತದೆ. ಉಳಿದ ಆರು ಸುತ್ತಲೂ ಹರಡಿ, ಒಂದು ಬಿಟ್ಟು ಒಂದು ತುಸು ಮೇಲೆ ತುಸು ಕೆಳಗೆ ನೋಡುತ್ತವೆ. ಆ ಓರೆ ಇಪ್ಪತ್ತು ಡಿಗ್ರಿಯೊಳಗೆ. ದೋಣಿ ಒಂದಿಷ್ಟು ವಾಲಿದರೂ ಯಾವುದೋ ಒಂದು ಗೂಡು ಹಡಗನ್ನು ಹಿಡಿಯುತ್ತದೆ. ಕಡಲ ಜನ ಇದನ್ನು ಮಳೆ ಹಿಡಿಯುವ ಭಂಗಿ ಎನ್ನುತ್ತಾರೆ. ಮಲೆನಾಡಿನವನಾದ ನನಗೆ ಆ ಹೆಸರು ಬಹಳ ಹಿಡಿಸಿತು. ಅದೇ ಭಂಗಿಯಲ್ಲಿ ನಿಲ್ಲಬೇಕಾದರೆ ಮೇಲಿನ ಮೂರು ತುದಿಗೂ ತೂತು ಮಾಡಿ, ಸಮ ಉದ್ದದ ಮೂರು ಹಗ್ಗ ಕಟ್ಟಿ, ಒಂದು ಗಂಟಿಗೆ ಸೇರಿಸಿ ಎಳೆಯಬೇಕು. ಕೆಳಗಿನ ತುದಿಗಳಿಂದಲೂ ಹಗ್ಗ ಬಿಗಿದರೆ ಗಾಳಿಗೆ ಗಿರಗಿರ ತಿರುಗುವುದಿಲ್ಲ.

ಎತ್ತರಕ್ಕೆ 4 ಮೀಟರ್ ಎನ್ನುವುದು ಕನಿಷ್ಠ. ಆಳೆತ್ತರದ ಅಲೆ ಇದ್ದಾಗ ತಗ್ಗಿನಲ್ಲಿ ಕಟ್ಟಿದ್ದು ಅಲೆಯ ಮರೆಗೆ ಬೀಳುತ್ತದೆ. ಇನ್ನೊಂದು ಕಾರಣವೂ ಇದೆ. ರೇಡಾರ್ ಅಲೆ ನೇರವಾಗಿಯೂ ಬರುತ್ತದೆ, ನೀರಿನ ಮೇಲೆ ಪುಟಿದೂ ಬರುತ್ತದೆ. ಕೆಲವು ದೂರಗಳಲ್ಲಿ ಈ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ನೀರಿಗೆ ಹತ್ತಿರ ಇದ್ದಷ್ಟೂ ಈ ಕಾಟ ಜಾಸ್ತಿ.

ಹಡಗಿನ ರೇಡಾರ್‌ಗಳಿಗೂ ಅದೇ ಸಂಸ್ಥೆಯ ಮಾನದಂಡ ಇದೆ. ಅದರ ಪ್ರಕಾರ, ಅಲೆಯ ಗದ್ದಲ ಇಲ್ಲದ ಕಡಲಿನಲ್ಲಿ, 3 ಸೆಂಟಿಮೀಟರ್ ರೇಡಾರ್ ರಿಫ್ಲೆಕ್ಟರ್ ಇಲ್ಲದ 10 ಮೀಟರ್ ದೋಣಿಯನ್ನು 3.4 ನಾಟಿಕಲ್ ಮೈಲಿಗೆ ಹಿಡಿಯಬೇಕು. ಸರಿಯಾದ ರಿಫ್ಲೆಕ್ಟರ್ ಇದ್ದರೆ 5 ಮೈಲಿಗೆ. 15 ನಾಟ್, ಅಂದರೆ ಗಂಟೆಗೆ 15 ನಾಟಿಕಲ್ ಮೈಲಿ, ವೇಗದ ಹಡಗಿಗೆ ಒಂದು ನಾಟಿಕಲ್ ಮೈಲಿ ಅಂದರೆ ನಾಲ್ಕು ನಿಮಿಷ. ಅಂದರೆ ಹದಿಮೂರೂವರೆ ನಿಮಿಷದ ಜಾಗದಲ್ಲಿ ಇಪ್ಪತ್ತು ನಿಮಿಷ ಸಿಗುತ್ತದೆ. ಒಬ್ಬ ಕಾವಲುಗಾರ ಪರದೆ ನೋಡಿ, ಅನುಮಾನಪಟ್ಟು, ಮತ್ತೆ ನೋಡಿ, ಚುಕ್ಕಾಣಿ ತಿರುಗಿಸಲು ಈ ಆರು ನಿಮಿಷ ದೊಡ್ಡದು.

ಆದರೆ ಕಡಲು ಹಾಗೆ ಸುಮ್ಮನಿರುವುದು ಎಷ್ಟು ದಿನ? ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತವರಿಗೆ ಅಂಗಳದಿಂದ ಕರೆದರೆ ಕೇಳಿಸುತ್ತದಾ? ಮಳೆಯ ಸದ್ದೇ ಎಲ್ಲವನ್ನೂ ನುಂಗಿರುತ್ತದೆ. ರೇಡಾರ್‌ಗೂ ಹೀಗೆ ಆಗುತ್ತದೆ. ಎದ್ದ ಪ್ರತಿ ಅಲೆಯೂ ಒಂದಿಷ್ಟು ಮರುದನಿ ಕೊಡುತ್ತದೆ. ಹಡಗಿನ ಸುತ್ತ ಪರದೆಯ ತುಂಬ ಚುಕ್ಕೆಗಳು. ಅದನ್ನು ತಗ್ಗಿಸಲು ಒಂದು ತಿರುಗಣೆ ಇದೆ. ತಿರುಗಿಸಿದರೆ ಅಲೆಗಳ ಚುಕ್ಕೆ ಅಳಿಸುತ್ತವೆ. ಅಲೆಯಷ್ಟೇ ಮರುದನಿ ಕೊಡುವ ದೋಣಿಯೂ ಅವುಗಳ ಜೊತೆ ಅಳಿಸಿಹೋಗುತ್ತದೆ. ದೋಣಿಯ ಓಗೊಡುವಿಕೆ ಅಲೆಗಿಂತ ಜೋರಾಗಿರಬೇಕು, ಪ್ರತಿ ಸುತ್ತಿಗೂ ಬರಬೇಕು. ಹತ್ತು ಸುತ್ತಿಗೆ ಎರಡು ಸಲ ಮಿನುಗುವ ಚುಕ್ಕೆಯನ್ನು ಯಂತ್ರವೂ ಗಣನೆಗೆ ತೆಗೆದುಕೊಳ್ಳುವುದಿಲ್ಲ, ಮನುಷ್ಯನೂ ತೆಗೆದುಕೊಳ್ಳುವುದಿಲ್ಲ.

ಮಳೆಯ ಕಥೆ ಇನ್ನೂ ಕಷ್ಟದ್ದು. 3 ಸೆಂಟಿಮೀಟರ್ ಅಲೆಗೆ ಜೋರು ಮಳೆಯೇ ಗೋಡೆಯಂತೆ ಕಾಣುತ್ತದೆ. ಅದಕ್ಕೆ ದೊಡ್ಡ ಹಡಗುಗಳಲ್ಲಿ 10 ಸೆಂಟಿಮೀಟರ್ ಅಲೆಯ ಇನ್ನೊಂದು ರೇಡಾರ್ ಇರುತ್ತದೆ. ಅದು ಮಳೆಯನ್ನು ಚೆನ್ನಾಗಿ ದಾಟಿ ನೋಡುತ್ತದೆ. ಆದರೆ ಅಷ್ಟು ಉದ್ದದ ಅಲೆಗೆ ನಮ್ಮ ರಿಫ್ಲೆಕ್ಟರ್ ಚಿಕ್ಕದಾಗಿಬಿಡುತ್ತದೆ. 37 ಇದ್ದದ್ದು ಮೂರು ಚಿಲ್ಲರೆಗೆ ಇಳಿಯುತ್ತದೆ. ಮಾನದಂಡ ಕೂಡ ಈ ಅಲೆಗೆ ಕೇಳುವುದು ಅರ್ಧ ಚದರ ಮೀಟರ್ ಮಾತ್ರ. ಅಂದರೆ, ಮಳೆ ಹೊಡೆಯುವ ರಾತ್ರಿ, ಎಲ್ಲಕ್ಕಿಂತ ಜಾಸ್ತಿ ಬೇಕಾದಾಗಲೇ, ರಿಫ್ಲೆಕ್ಟರ್ ಅರ್ಧ ಕೈಕೊಡುತ್ತದೆ. ಇದನ್ನು ಮೀನಿನವರಿಗೆ ಬಿಡಿಸಿ ಹೇಳಿದೆ. ಕಟ್ಟಿದ ಮೇಲೆ ಧೈರ್ಯವಾಗಿ ಮಲಗಿಬಿಟ್ಟರೆ, ಕಟ್ಟದಿರುವುದಕ್ಕಿಂತ ಅಪಾಯ.

ಅಂಗಡಿಯಲ್ಲಿ ಸಿಗುವ ಎಲ್ಲವೂ ಒಂದೇ ಅಲ್ಲ ಎನ್ನುವುದನ್ನೂ ಹೇಳಬೇಕು. 2006ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದಾಚೆ ‘ಊಜೊ’ ಎಂಬ ಸಣ್ಣ ಹಾಯಿದೋಣಿಯ ಮೂವರು ಸತ್ತರು. ಹತ್ತಿರ ಹಾದುಹೋದ ದೊಡ್ಡ ಹಡಗೊಂದು ಅದಕ್ಕೆ ಕಾರಣ ಎಂದು ತನಿಖೆ ಹೇಳಿತು. ಅದರ ಬೆನ್ನಿಗೇ ಬ್ರಿಟನ್ನಿನ ಕ್ವಿನೆಟಿಕ್ ಸಂಸ್ಥೆ ಮಾರುಕಟ್ಟೆಯ ರಿಫ್ಲೆಕ್ಟರ್‌ಗಳನ್ನು ಪರೀಕ್ಷಿಸಿ 2007ರಲ್ಲಿ ವರದಿ ಕೊಟ್ಟಿತು. ಕೋಲಿನಂಥ ಪ್ಲಾಸ್ಟಿಕ್ ಕೊಳವೆಯೊಳಗೆ ಪುಟ್ಟ ಮೂಲೆಗಳನ್ನು ತುಂಬಿದ ಬಗೆಯವು ತೀರಾ ಕಳಪೆಯಾಗಿ ಕಂಡವು. ಅಂಚು ಚಿಕ್ಕದಾದರೆ ಏನಾಗುತ್ತದೆ ಎಂದು ನೋಡಿದೆವಲ್ಲ. ಕಟ್ಟಲು ಸುಲಭ, ಗಾಳಿಗೆ ಅಡ್ಡ ಬರುವುದಿಲ್ಲ ಎಂದು ಅವನ್ನು ಕೊಳ್ಳುವುದು ಬೇಡ. ಆ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ಬ್ಯಾಟರಿಯಿಂದ ನಡೆಯುವ ಬಗೆ. ಹಡಗಿನ ಕೂ ಕೇಳಿದ ಕೂಡಲೇ ಅದನ್ನು ದೊಡ್ಡದು ಮಾಡಿ ತಿರುಗಿ ಕೂಗುವ ಯಂತ್ರ ಅದು. ಇಲ್ಲಿಯೂ ಒಂದು ಎಚ್ಚರ: 3 ಸೆಂಟಿಮೀಟರ್ ಅಲೆಗೆ ಮಾತ್ರ ಓಗೊಡುವ ಯಂತ್ರ 10 ಸೆಂಟಿಮೀಟರಿಗೆ ಮೂಕ. ಕೊಳ್ಳುವಾಗ ಕೇಳಿಯೇ ಕೊಳ್ಳಬೇಕು.

ರೇಡಾರ್‌ನ ಹಂಗಿಲ್ಲದ ದಾರಿಯೂ ಇದೆ. ಎಐಎಸ್ ಎಂಬ ಯಂತ್ರ ದೋಣಿಯ ಹೆಸರು, ಜಾಗ, ವೇಗವನ್ನು ತಾನಾಗಿ ರೇಡಿಯೋದಲ್ಲಿ ಹೇಳುತ್ತಾ ಇರುತ್ತದೆ. ಸುತ್ತಲ ಹಡಗುಗಳ ಪರದೆಯ ಮೇಲೆ ಅದು ಮೂಡುತ್ತದೆ. ಮಳೆಯಾಗಲಿ ಅಲೆಯಾಗಲಿ ಅದಕ್ಕೆ ಅಷ್ಟು ಅಡ್ಡಿಯಲ್ಲ. ಕೇಂದ್ರ ಸರ್ಕಾರ 1 ಲಕ್ಷ ಮೀನುಗಾರಿಕೆ ದೋಣಿಗಳಿಗೆ ಕೊಡಲು ಹೊರಟಿರುವ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಬೇರೆ. ಅದು ಉಪಗ್ರಹದ ಮೂಲಕ ದಡದವರ ಜೊತೆ ಮಾತಾಡುವುದು, ಹಡಗಿನ ರೇಡಾರ್ ಜೊತೆ ಅಲ್ಲ. ಎರಡೂ ಬೇಕು. ಒಂದು ಇದೆ ಎಂದು ಇನ್ನೊಂದನ್ನು ಬಿಡಬಾರದು.

ಮತ್ತೆ ಹಳೆಯದು: ದೀಪ, ಹಾರ್ನ್, ಎಚ್ಚರ ಇರುವ ಒಬ್ಬ ಮನುಷ್ಯ. ನಮ್ಮ ಹೊಳೆಬಾಗಿಲಿನ ಲಾಂಚ್ ನೋಡಿ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಸಿಗಂದೂರಿಗೆ ಹೋಗುವವರೆಲ್ಲ ಅದರಲ್ಲೇ ಶರಾವತಿ ಹಿನ್ನೀರು ದಾಟುತ್ತಿದ್ದರು. ಕಾವಳ ಕವಿದ ಬೆಳಿಗ್ಗೆ ಆ ನೀರಿನಲ್ಲಿ ತೆಪ್ಪದವರೂ ಲಾಂಚಿನವರೂ ಒಬ್ಬರನ್ನೊಬ್ಬರು ಕಂಡುಕೊಳ್ಳುತ್ತಿದ್ದದ್ದು ಕಣ್ಣು ಕಿವಿಯಿಂದಲೇ. ಕಡಲಿನ ನಿಯಮವೂ ಇದನ್ನೇ ಮೊದಲು ಹೇಳುತ್ತದೆ. ಡಿಕ್ಕಿ ತಪ್ಪಿಸಲು 1972ರಲ್ಲಿ ಮಾಡಿದ ಅಂತಾರಾಷ್ಟ್ರೀಯ ನಿಯಮಗಳು ಪ್ರತಿ ಹಡಗೂ ಕಣ್ಣಿಂದ, ಕಿವಿಯಿಂದ ಕಾವಲು ಕಾಯಬೇಕು ಎನ್ನುತ್ತವೆ. ಸಣ್ಣ ದೋಣಿಗಳು ರೇಡಾರ್‌ಗೆ ಸಾಕಷ್ಟು ದೂರದಲ್ಲಿ ಕಾಣದೇ ಹೋಗಬಹುದು, ಅದನ್ನು ಲೆಕ್ಕಕ್ಕೆ ಹಿಡಿದೇ ವೇಗ ಇಟ್ಟುಕೊಳ್ಳಿ ಎಂದೂ ಹೇಳುತ್ತವೆ. ಹಾಗಾಗಿ ರಿಫ್ಲೆಕ್ಟರ್ ಇಲ್ಲದ ದೋಣಿಯದೇ ತಪ್ಪು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ದೊಡ್ಡ ಹಡಗಿನ ಮೇಲಿನಿಂದ ಅದರ ಮೂತಿಯ ಮುಂದೆ 500 ಮೀಟರ್‌ವರೆಗೂ ನೀರು ಕಾಣದೇ ಇರಬಹುದು, ನಿಯಮವೇ ಅಷ್ಟಕ್ಕೆ ಅವಕಾಶ ಕೊಟ್ಟಿದೆ. ಅಷ್ಟು ಹತ್ತಿರ ಬಂದ ಮೇಲೆ ತಪ್ಪು ಯಾರದು ಎನ್ನುವ ಮಾತು ಯಾರನ್ನೂ ಉಳಿಸುವುದಿಲ್ಲ.

ಸೆಪ್ಟೆಂಬರ್‌ನ ಒಂದು ಭಾನುವಾರ ನಾನು ಹೊನ್ನಾವರಕ್ಕೆ ಇಳಿದೆ. ಭಾವನ ಪರಿಚಯದ ಒಂದು ದೊಡ್ಡ ಬೋಟಿನಲ್ಲಿ ಸಣ್ಣ ರೇಡಾರ್ ಇತ್ತು. ಅದನ್ನು ನಡೆಸುವ ತಾಂಡೇಲರು ಖುಷಿಯಿಂದ ಒಪ್ಪಿದರು. ಅಳಿವೆ ದಾಟಿ ನಾವು ನಿಂತೆವು. ಭಾವನ ಬೋಟು ಎರಡು ಮೈಲಿ ಆಚೆ ಹೋಗಿ ನಿಂತಿತು. ಫೋನ್ ಸಿಗ್ನಲ್ ಇನ್ನೂ ಇತ್ತು. ಮೊದಲು ರಿಫ್ಲೆಕ್ಟರ್ ಕೆಳಗೇ ಇಟ್ಟು ನೋಡಿದೆವು. ಪರದೆಯ ಮೇಲೆ ಅಲೆಗಳ ಚುಕ್ಕೆಗಳ ನಡುವೆ, ಹತ್ತು ಸುತ್ತಿಗೆ ಎರಡೋ ಮೂರೋ ಸಲ ಒಂದು ಚುಕ್ಕೆ ಬಂದು ಹೋಯಿತು. ಅಲ್ಲೇ ದೋಣಿ ಇದೆ ಎಂದು ಗೊತ್ತಿದ್ದರಿಂದ ನಮಗೆ ಕಂಡಿತು.

“ಈಗ ಏರಿಸಿ ಮಾರಾಯ್ರೇ” ಎಂದೆ ಫೋನಿನಲ್ಲಿ.

ಮುಂದಿನ ಸುತ್ತಿಗೆ ಚುಕ್ಕೆ ಬಂತು. ಅದರ ಮುಂದಿನದಕ್ಕೂ ಬಂತು. ನಾನು ಇಪ್ಪತ್ತು ಸುತ್ತು ಎಣಿಸಿದೆ. ಹದಿನೆಂಟು ಸಲ ಬಂತು. ತಾಂಡೇಲರು ಪರದೆಗೆ ಬೆರಳಿಟ್ಟು, “ಇದು ದೋಣಿ ಅಂತ ಈಗ ಯಾರು ಬೇಕಾದ್ರೂ ಹೇಳ್ತಾರೆ” ಎಂದರು.

ನವೆಂಬರ್‌ನಲ್ಲಿ ಮೀನಿನವರು ಬಂಗುಡೆಯ ಪೆಟ್ಟಿಗೆಯ ಮೇಲೆ ಅದೇ ರಿಫ್ಲೆಕ್ಟರ್ ಕಟ್ಟಿಕೊಂಡು ಘಾಟಿ ಹತ್ತಿ ಬಂದರು. ಬಲೆ ಎಳೆಯುವಾಗ ಹಗ್ಗ ಸಿಕ್ಕಿಕೊಂಡು ಒಂದು ರೆಕ್ಕೆ ಬಾಗಿತ್ತು. ಕಣ್ಣಿಗೆ ಅಷ್ಟೇನೂ ಕಾಣುತ್ತಿರಲಿಲ್ಲ. ಮೂಲೆಮಟ್ಟ ಇಟ್ಟರೆ ಬೆರಳು ತೂರುವಷ್ಟು ಸಂದಿ. ಇಬ್ಬರೂ ವರ್ಕ್‌ಶಾಪಿಗೆ ಹೋದೆವು. ಅವರು ಬಾಗಿದ್ದನ್ನು ಕಿತ್ತು, ಹೊಸ ತ್ರಿಕೋನ ಕತ್ತರಿಸಿ, ಈ ಸಲ ನಾವು ಹೇಳುವ ಮೊದಲೇ ಟಾರ್ಚ್ ತೆಗೆದುಕೊಂಡು ಹಿಂದಿನಿಂದ ಬೆಳಕು ಬಿಟ್ಟರು. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಶೀಟು ಅಳೆದು, ಇದರಲ್ಲಿ ಇನ್ನೂ ಎರಡು ಆಗ್ತವೆ, ಭಾವನ ಪಕ್ಕದ ಬೋಟಿನವರನ್ನು ಕೇಳಿ ನೋಡಿ ಎಂದರು.